ತಣಿಯುವ ವೇಗ ಮತ್ತು ಪಾಲಿಮರ್‌ಗಳ ಗಡಸುತನ: ಒಂದು ವಿಚಾರದ ಇತಿಹಾಸ

ಕೆಂಪಗೆ ಕಾದ ಉಕ್ಕನ್ನು ನೀರಿಗದ್ದಿದರೆ ಗಡಸಾಗುತ್ತದೆ. ಕರಗಿದ ಪಾಲಿಪ್ರೊಪಿಲೀನಿನ ತೆಳುಹಾಳೆಯನ್ನು ಮಂಜುಗಡ್ಡೆಯ ನೀರಿಗದ್ದಿದರೆ ಅದು ಮೆತ್ತಗೂ ತಿಳಿಯಾಗಿಯೂ ಉಳಿಯುತ್ತದೆ. ನಿಧಾನವಾಗಿ ತಣಿಸಿದರೆ ಬಿಳುಪೇರಿ ಗಟ್ಟಿಯಾಗುತ್ತದೆ. ಈ ವ್ಯತ್ಯಾಸದ ಕಾರಣ ಬಿಡಿಸಿಕೊಳ್ಳಲು ವಿಜ್ಞಾನಿಗಳಿಗೆ ದಶಕಗಳೇ ಬೇಕಾದವು.

1930ರಲ್ಲಿ ಹೆರ್ಮನ್, ಗೆರ್ನ್‌ಗ್ರಾಸ್ ಮತ್ತು ಅಬಿಟ್ಜ್ ಒಂದು ಚಿತ್ರ ಮುಂದಿಟ್ಟರು: ಉದ್ದನೆಯ ಅಣುಸರಪಳಿಯೊಂದು ಹಲವು ಪುಟ್ಟ ಸ್ಫಟಿಕಗಳನ್ನು ಹಾದುಹೋಗುತ್ತದೆ, ನಡುವಿನ ಭಾಗ ಅಸ್ತವ್ಯಸ್ತವಾಗಿರುತ್ತದೆ. ಈ ಚಿತ್ರದಲ್ಲಿ ತಣಿಯುವ ವೇಗದಿಂದ ಬದಲಾಗುವುದು ಮುಖ್ಯವಾಗಿ ಸ್ಫಟಿಕದ ಪಾಲು. 1945ರಲ್ಲಿ ಬನ್ ಮತ್ತು ಆಲ್ಕಾಕ್ ಪಾಲಿಥೀನಿನಲ್ಲಿ ಸ್ಫೆರುಲೈಟ್ ಎಂಬ ಗೋಳಾಕಾರದ ರಚನೆಗಳನ್ನು ವಿವರಿಸಿದರು. ನಿಧಾನವಾಗಿ ತಣಿದರೆ ಇಂಥ ಗೋಳಗಳು ಕಡಿಮೆ ಹುಟ್ಟಿ ದೊಡ್ಡದಾಗಿ ಬೆಳೆಯುತ್ತವೆ.

ನಿಜವಾದ ತಿರುವು ಬಂದದ್ದು 1957ರಲ್ಲಿ. ಬ್ರಿಸ್ಟಲ್‌ನ ಆಂಡ್ರ್ಯೂ ಕೆಲ್ಲರ್, ತೆಳು ದ್ರಾವಣದಿಂದ ಪಾಲಿಥೀನಿನ ಪದರದಂಥ ಒಂಟಿ ಸ್ಫಟಿಕಗಳನ್ನು ಬೆಳೆಸಿದರು. ಅವುಗಳ ದಪ್ಪ ಸುಮಾರು 10 ನ್ಯಾನೊಮೀಟರ್. ಸರಪಳಿಗಳಾದರೋ ಅದರ ಹತ್ತಾರು ಪಟ್ಟು ಉದ್ದ, ಅದೂ ಪದರಕ್ಕೆ ಲಂಬವಾಗಿ ನಿಂತಂಥವು. ಹಾಗಾದರೆ ಅವು ಮತ್ತೆ ಮತ್ತೆ ಮಡಚಿಕೊಂಡಿರಲೇಬೇಕು. ಅದೇ ವರ್ಷ ಫಿಶರ್ ಮತ್ತು ಟಿಲ್ ಕೂಡ ಸ್ವತಂತ್ರವಾಗಿ ಇಂಥ ಸ್ಫಟಿಕಗಳನ್ನು ಪಡೆದರು. ಮಡಿಕೆಗಳು ಎಷ್ಟು ಕ್ರಮಬದ್ಧ ಎಂಬ ಬಗ್ಗೆ ಪಾಲಿಮರ್ ವಿಜ್ಞಾನಿ ಫ್ಲೋರಿ ಬಲವಾದ ಆಕ್ಷೇಪ ಎತ್ತಿದರು. 1979ರ ಫ್ಯಾರಡೆ ಚರ್ಚಾಕೂಟದಲ್ಲಿ ಆ ವಾದ ತಾರಕಕ್ಕೇರಿತು. ಆದರೆ ನಮ್ಮ ಪ್ರಶ್ನೆಗೆ ಮಡಿಕೆಯ ಅಚ್ಚುಕಟ್ಟಿಗಿಂತ ಪದರದ ದಪ್ಪವೇ ಮುಖ್ಯವೆಂದು ನನ್ನ ಅಭಿಪ್ರಾಯ. ಕರಗುವ ಬಿಂದುವಿಗಿಂತ ಎಷ್ಟು ಕೆಳಗಿನ ಉಷ್ಣತೆಯಲ್ಲಿ ಸ್ಫಟಿಕ ಹುಟ್ಟುತ್ತದೋ ಪದರ ಅಷ್ಟು ತೆಳುವಾಗುತ್ತದೆಂದು ಲಾರಿಟ್ಜೆನ್ ಮತ್ತು ಹಾಫ್‌ಮನ್ 1960ರ ಸುಮಾರಿಗೆ ಸಿದ್ಧಾಂತ ಕಟ್ಟಿದರು. ಬೇಗ ತಣಿಸಿದಾಗ ಸರಪಳಿಗಳಿಗೆ ಹೊಂದಿಕೊಳ್ಳಲು ಸಮಯ ಸಾಲದು, ಸ್ಫಟಿಕೀಕರಣ ಕೆಳಗಿನ ಉಷ್ಣತೆಗೆ ಜಾರುತ್ತದೆ, ಪದರಗಳು ತೆಳುವಾಗುತ್ತವೆ.

ತೆಳು ಪದರ ಬೇಗ ಬಾಗುತ್ತದೆ, ಜಾರುತ್ತದೆ. ಮ್ಯಾಡ್ರಿಡ್‌ನ ಬಾಲ್ಟಾ ಕಯೇಖಾ ವಜ್ರದ ಪುಟ್ಟ ಪಿರಮಿಡ್ಡಿನಿಂದ ಪಾಲಿಮರ್ ಮೇಲ್ಮೈಯನ್ನು ಒತ್ತಿ, ಸ್ಫಟಿಕದ ಪಾಲಿನ ಜೊತೆಗೆ ಪದರದ ದಪ್ಪವೂ ಗಡಸುತನವನ್ನು ನಿರ್ಧರಿಸುತ್ತದೆಂದು ತೋರಿಸಿದರು. ಈ ಇತಿಹಾಸದಲ್ಲಿ ಅವರ ಕೆಲಸಕ್ಕೆ ಸಲ್ಲಬೇಕಾದಷ್ಟು ಗಮನ ಸಂದಿಲ್ಲ.

ಪಾಲಿಪ್ರೊಪಿಲೀನಿನ ಕಥೆ ಇನ್ನೂ ಸ್ವಾರಸ್ಯಕರ. ಬೇಗ ತಣಿಸಿದ ಮಾದರಿಯಲ್ಲಿ ಪೂರ್ತಿ ಸ್ಫಟಿಕವೂ ಅಲ್ಲದ, ಪೂರ್ತಿ ಅಸ್ತವ್ಯಸ್ತವೂ ಅಲ್ಲದ ಮಧ್ಯಸ್ಥಿತಿಯನ್ನು ನಟ್ಟಾ ಮತ್ತು ಕೊರಾಡಿನಿ 1960ರಲ್ಲಿ ವಿವರಿಸಿದ್ದರು. ತಣಿಯುವ ವೇಗ ಸೆಕೆಂಡಿಗೆ ಸುಮಾರು 100 ಡಿಗ್ರಿ ಮೀರಿದರೆ ಈ ಸ್ಥಿತಿ ಮೇಲುಗೈ ಪಡೆಯುತ್ತದೆ, 1000 ಡಿಗ್ರಿ ದಾಟಿದರೆ ಅದೂ ಮೂಡುವುದಿಲ್ಲ ಎಂಬುದು ಪಲೆರ್ಮೊದ ಪಿಕ್ಕಾರೋಲೊ ಅವರ ತೆಳುಹಾಳೆಯ ಪ್ರಯೋಗಗಳಿಂದಲೂ ಆಮೇಲೆ ಬಂದ ಅತಿವೇಗದ ಚಿಪ್ ಕ್ಯಾಲೊರಿಮಾಪಕಗಳಿಂದಲೂ ಸ್ಪಷ್ಟವಾಯಿತು. ಹಳೆಯ ಉಪಕರಣಗಳು ನಿಮಿಷಕ್ಕೆ ಕೆಲವು ಹತ್ತು ಡಿಗ್ರಿಗಳಷ್ಟೇ ತಣಿಸಬಲ್ಲವಾಗಿದ್ದವು. ಕಾರ್ಖಾನೆಯ ಅಚ್ಚಿನ ಗೋಡೆಗೆ ತಾಗಿದ ಪ್ಲಾಸ್ಟಿಕ್ ಅನುಭವಿಸುವ ವೇಗ ಅವಕ್ಕೆ ನಿಲುಕುತ್ತಿರಲಿಲ್ಲ.

ಈ ಮಧ್ಯಸ್ಥಿತಿಯ ಹಾಳೆಯನ್ನು ಮತ್ತೆ 80 ಡಿಗ್ರಿಗಿಂತ ಮೇಲೆ ಕಾಯಿಸಿದರೆ ಸ್ಫಟಿಕಗಳು ಮೂಡಿ ಗಡಸುತನ ಏರುತ್ತದೆ. ಗೋಳಗಳು ಮಾತ್ರ ಹುಟ್ಟುವುದಿಲ್ಲ, ಹೀಗಾಗಿ ಹಾಳೆ ತಿಳಿಯಾಗಿಯೇ ಉಳಿಯುತ್ತದೆ.