ಮೂತ್ರಪಿಂಡ ಕಾರ್ಯಪರೀಕ್ಷೆ

ಮೂತ್ರಪಿಂಡಗಳು ರಕ್ತವನ್ನು ಎಷ್ಟು ಚೆನ್ನಾಗಿ ಶೋಧಿಸುತ್ತಿವೆ ಎಂಬುದನ್ನು ರಕ್ತ ಮತ್ತು ಮೂತ್ರದ ಮಾದರಿಗಳಿಂದ ತಿಳಿಯುವ ವಿಧಾನ. ರಕ್ತಪರೀಕ್ಷೆಯಲ್ಲಿ ಮುಖ್ಯವಾದುದು ಕ್ರಿಯಾಟಿನಿನ್. ಸ್ನಾಯುಗಳಲ್ಲಿ ಹುಟ್ಟುವ ಈ ತ್ಯಾಜ್ಯವನ್ನು ಮೂತ್ರಪಿಂಡಗಳು ಹೊರಹಾಕುತ್ತವೆ. ಅವು ಸೋತಂತೆ ರಕ್ತದಲ್ಲಿ ಅದರ ಮಟ್ಟ ಏರುತ್ತದೆ. ಆದರೆ ಈ ಒಂದೇ ಅಂಕಿಯನ್ನು ನಂಬಿ ಕೂರುವುದು ಅಪಾಯ. ಸ್ನಾಯು ಕರಗಿದ ವೃದ್ಧರಲ್ಲಿ, ಕೃಶ ಶರೀರದ ಮಹಿಳೆಯರಲ್ಲಿ ಕಾರ್ಯಶಕ್ತಿ ಅರ್ಧದಷ್ಟು ಕುಂದಿದ್ದರೂ ವರದಿ ಸಹಜವೆಂದೇ ತೋರಬಹುದು. ಆದ್ದರಿಂದ ಕ್ರಿಯಾಟಿನಿನ್ ಜೊತೆಗೆ ವಯಸ್ಸು, ಲಿಂಗಗಳನ್ನೂ ಲೆಕ್ಕಕ್ಕೆ ಹಿಡಿದು ಇಜಿಎಫ್‌ಆರ್ ಎಂಬ ಶೋಧನಾ ದರವನ್ನು ಅಂದಾಜಿಸುತ್ತಾರೆ. ಇದು ನಿಮಿಷಕ್ಕೆ 60 ಮಿಲಿಲೀಟರಿಗಿಂತ ಕಡಿಮೆಯಾಗಿ 3 ತಿಂಗಳಿಗೂ ಮೀರಿ ಹಾಗೆಯೇ ಉಳಿದರೆ ದೀರ್ಘಕಾಲೀನ ಮೂತ್ರಪಿಂಡ ರೋಗ. 15ಕ್ಕಿಂತ ಕೆಳಗಿಳಿದರೆ ವೈಫಲ್ಯ.

ಮೂತ್ರಪರೀಕ್ಷೆ ಎಷ್ಟೋ ಸಲ ಇದಕ್ಕೂ ಮುಂಚೆ ಸುಳಿವು ಕೊಡುತ್ತದೆ. ಮಧುಮೇಹಿಗಳಲ್ಲಿ ಶೋಧನಾ ದರ ಇಳಿಯುವ ಮೊದಲೇ ಆಲ್ಬುಮಿನ್ ಎಂಬ ಪ್ರೋಟೀನು ಮೂತ್ರಕ್ಕೆ ಸೋರತೊಡಗುವುದು ಸಾಮಾನ್ಯ. ಪ್ರತಿ ಗ್ರಾಂ ಕ್ರಿಯಾಟಿನಿನ್‌ಗೆ ಅದು 30 ಮಿಲಿಗ್ರಾಂ ದಾಟಿದರೆ ಅಸಹಜ. ಜ್ವರ, ಕಠಿಣ ವ್ಯಾಯಾಮ, ಮೂತ್ರನಾಳದ ಸೋಂಕು ಕೂಡ ಇದನ್ನು ತಾತ್ಕಾಲಿಕವಾಗಿ ಏರಿಸಬಲ್ಲವು; ಮರುಪರೀಕ್ಷೆಯಿಲ್ಲದೆ ತೀರ್ಮಾನ ಸಲ್ಲದು. ಆರಂಭದಲ್ಲಿ ಮೂತ್ರಪಿಂಡ ರೋಗಕ್ಕೆ ನೋವಿಲ್ಲ, ಬಾವಿಲ್ಲ. ಮಧುಮೇಹ, ಅಧಿಕ ರಕ್ತದೊತ್ತಡ ಇರುವವರು ವರ್ಷಕ್ಕೊಮ್ಮೆಯಾದರೂ ಎರಡೂ ಪರೀಕ್ಷೆಗಳನ್ನು ಮಾಡಿಸಿಕೊಳ್ಳಬೇಕು.