ನನ್ನ ಅರ್ಜಿ ನಾನೇ ಹಾಕ್ತೀನಿ

ಅಮೆರಿಕದ ಗ್ರೀನ್ ಕಾರ್ಡ್ ಅಂದ್ರೆ ನಮ್ಮ ಜುಟ್ಟು ಕಂಪನಿ ಕೈಯಲ್ಲಿ ಅಂದ್ಕೊಂಡಿದ್ದೀರಾ? 1990ರ ವಲಸೆ ಕಾಯ್ದೆಯಲ್ಲೇ ಇನ್ನೊಂದು ಬಾಗಿಲಿತ್ತು: ಕೆಲಸ ರಾಷ್ಟ್ರಹಿತದ್ದಾದರೆ ಸಂಶೋಧಕರು ತಾವೇ ಅರ್ಜಿ ಹಾಕಬಹುದು.

1998ರಲ್ಲಿ ಒಬ್ಬ ಸೇತುವೆ ಎಂಜಿನಿಯರ್ ಪ್ರಕರಣ ಆ ಬಾಗಿಲನ್ನು ಕಿರಿದು ಮಾಡ್ತು. ಸೇತುವೆ ಮುಖ್ಯ ಸರಿ, ಆದ್ರೆ ಇವರು ಮಾಮೂಲಿ ದಾರಿಯಲ್ಲಿ ಬಂದರೆ ದೇಶಕ್ಕೇನು ನಷ್ಟ ಅಂತ ಕೇಳಿದರು. ಲ್ಯಾಬಲ್ಲಿ ಕೂತವರು ಇದನ್ನ ಹೇಗೆ ತೋರಿಸೋದು ಹೇಳಿ!

2016ರ ಡಿಸೆಂಬರ್‌ನಲ್ಲಿ 'ಧನಾಸರ್' ತೀರ್ಪು ಬಂತು. ಹೈಪರ್‌ಸಾನಿಕ್ ಎಂಜಿನ್ ಸಂಶೋಧಕ. ಮೊದಲು ಅರ್ಜಿ ತಿರಸ್ಕಾರ, ಮೇಲ್ಮನವಿಯಲ್ಲಿ ಗೆಲುವು. ಹಳೇ ಪರೀಕ್ಷೆ ರದ್ದು, ಬಾಗಿಲು ಮತ್ತೆ ಅಗಲ.

ಆದ್ರೆ ಅರ್ಜಿ ಒಪ್ಪಿದ ಮಾತ್ರಕ್ಕೆ ಕಾರ್ಡ್ ಕೈಗೆ ಬರಲ್ಲ. ಸರದಿ ಹುಟ್ಟಿದ ದೇಶದ ಲೆಕ್ಕದಲ್ಲಿ, ಒಂದು ದೇಶಕ್ಕೆ ಶೇ 7ರ ಮಿತಿ. ಬೆಂಗಳೂರಲ್ಲಿ ಹುಟ್ಟಿದ ವಿಜ್ಞಾನಿಗೆ ಈ ವರ್ಗದಲ್ಲಿ ಹತ್ತು ವರ್ಷಕ್ಕೂ ಉದ್ದದ ಕ್ಯೂ. ಆ ಮಿತಿಯನ್ನ ಧನಾಸರ್ ತೀರ್ಪು ಮುಟ್ಟಲೇ ಇಲ್ಲ.