ಹುಣಸೂರು ಸೀಮೆಯ ಆರೋಗ್ಯ ವಿಮೆ: ಸರ್ಕಾರಿ ಸಮೀಕ್ಷೆಗಳನ್ನು ಓದುವ ಬಗೆ

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಮತ್ತು ಹೆಗ್ಗಡದೇವನಕೋಟೆ ತಾಲ್ಲೂಕುಗಳನ್ನು ಒಳಗೊಂಡ ಮೈಸೂರು ಜಿಲ್ಲೆಯ ಪಡುವಣ ಭಾಗ ಜಾನಪದ ಅಧ್ಯಯನಕ್ಕೆ ಪರಿಚಿತವಾದ ನೆಲ. ಅಲ್ಲಿನ ಹಾಡು, ಹರಕೆ, ಜಾತ್ರೆಗಳ ಬಗ್ಗೆ ಸಾಕಷ್ಟು ಸಂಗ್ರಹಗಳಿವೆ. ಆದರೆ ಮನೆಯಲ್ಲಿ ಒಬ್ಬರು ಕಾಯಿಲೆ ಬಿದ್ದಾಗ ಆಸ್ಪತ್ರೆಯ ಖರ್ಚು ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆಯನ್ನು ಜಾನಪದ ವಿದ್ವಾಂಸರು ಅರ್ಥಶಾಸ್ತ್ರಜ್ಞರಿಗೆ ಬಿಟ್ಟುಕೊಟ್ಟಿದ್ದಾರೆ. ಅರ್ಥಶಾಸ್ತ್ರಜ್ಞರು ಅದಕ್ಕೆ ಸರ್ಕಾರಿ ಸಮೀಕ್ಷೆಗಳ ಕೋಷ್ಟಕಗಳಲ್ಲಿ ಉತ್ತರ ಹುಡುಕುತ್ತಾರೆ. ಆ ಕೋಷ್ಟಕಗಳು ಬೆಲೆಯುಳ್ಳ ಆಕರಗಳೇ ಸರಿ. ಆದರೆ ಅಲ್ಲಿ ‘ವಿಮೆಯುಳ್ಳ ಕುಟುಂಬ’ ಎಂದು ದಾಖಲಾಗಿರುವುದು ಬಹುಮಟ್ಟಿಗೆ ತನಗೆ ವಿಮೆಯಿದೆ ಎಂದು ಹೇಳಬಲ್ಲ ಕುಟುಂಬ. ಹಕ್ಕಿದ್ದೂ ಅದರ ಹೆಸರು ತಿಳಿಯದವರು ‘ಇಲ್ಲ’ದ ಸಾಲಿಗೆ ಸೇರುತ್ತಾರೆ. ಈ ವ್ಯತ್ಯಾಸವನ್ನು ಮರೆತು ಬರೆದ ಚರಿತ್ರೆ ತಪ್ಪು ದಾರಿ ಹಿಡಿಯುತ್ತದೆ.

ಜನರ ದೇಹಸ್ಥಿತಿಯನ್ನು ಸರ್ಕಾರ ಎಣಿಸತೊಡಗಿದ್ದು ಹೊಸದೇನಲ್ಲ. 1881ರಿಂದ 1931ರವರೆಗಿನ ಜನಗಣತಿಗಳು ಕುರುಡು, ಕಿವುಡು, ಕುಷ್ಠ, ಬುದ್ಧಿಭ್ರಮಣೆಗಳನ್ನು ಲೆಕ್ಕಕ್ಕೆ ತೆಗೆದುಕೊಂಡವು. ಆ ಎಣಿಕೆಯ ಹಿಂದೆ ನೆರವಿನ ಹೊಣೆಯಿರಲಿಲ್ಲ. ಸ್ವಾತಂತ್ರ್ಯಾನಂತರ ಬಂದ ನೌಕರರ ರಾಜ್ಯ ವಿಮಾ ಕಾಯಿದೆ (1948) ಕಾರ್ಖಾನೆಯ ಕೆಲಸಗಾರನಿಗೆ, ಕೇಂದ್ರ ಸರ್ಕಾರಿ ಆರೋಗ್ಯ ಯೋಜನೆ (1954) ಕಚೇರಿಯ ನೌಕರನಿಗೆ ಮೀಸಲಾದವು. ಹೊಗೆಸೊಪ್ಪು, ರಾಗಿ, ಭತ್ತ ಬೆಳೆಯುವ ರೈತನಾಗಲಿ ಹಾಡಿಯ ಜೇನುಕುರುಬನಾಗಲಿ ಈ ಎರಡರಲ್ಲಿ ಯಾವುದಕ್ಕೂ ಸೇರಿದವನಲ್ಲ.

ಈ ಸೀಮೆಯ ರೈತನಿಗೆ ಆರೋಗ್ಯ ವಿಮೆ ತಲುಪಿದ್ದು ಸಹಕಾರ ಸಂಘದ ಬಾಗಿಲಿನಿಂದ. ಯಶಸ್ವಿನಿ ಯೋಜನೆ 2002ರ ನವೆಂಬರ್‌ನಲ್ಲಿ ಉದ್ಘಾಟನೆಗೊಂಡು 2003ರ ಜೂನ್‌ನಿಂದ ಜಾರಿಗೆ ಬಂದಿತು. ಹೃದಯತಜ್ಞ ಡಾ. ದೇವಿ ಶೆಟ್ಟಿ ಅವರ ಚಿಂತನೆ ಅದರ ಹಿಂದಿತ್ತು. ಸಂಘದ ಸದಸ್ಯರೂ ಅವರ ಮನೆಯವರೂ ತಲೆಗೆ ವರ್ಷಕ್ಕೆ 60 ರೂಪಾಯಿ ಕಟ್ಟಿದರೆ ಪಟ್ಟಿಯಲ್ಲಿದ್ದ ಶಸ್ತ್ರಚಿಕಿತ್ಸೆಗಳಿಗೆ ನಗದು ನೀಡಬೇಕಾಗಿರಲಿಲ್ಲ. ಮೊದಲ ವರ್ಷ ರಾಜ್ಯದಲ್ಲಿ ಸುಮಾರು 16 ಲಕ್ಷ ಜನ ನೋಂದಾಯಿಸಿದರು. ಎರಡನೆಯ ವರ್ಷ ಈ ಸಂಖ್ಯೆ 20 ಲಕ್ಷ ದಾಟಿತು. 2005-06ರಲ್ಲಿ ವಂತಿಗೆ 120 ರೂಪಾಯಿಗೆ ಏರಿದಾಗ 15 ಲಕ್ಷದೊಳಕ್ಕೆ ಇಳಿಯಿತು. 60 ರೂಪಾಯಿಯ ಹೆಚ್ಚಳ ಲಕ್ಷಾಂತರ ಜನರನ್ನು ಹೊರಗಿಟ್ಟಿತೆಂಬ ಈ ಸಂಗತಿ ಯಾವ ರಾಷ್ಟ್ರೀಯ ಸಮೀಕ್ಷೆಯಲ್ಲೂ ಸಿಗುವುದಿಲ್ಲ, ಅದು ನೋಂದಣಿಯ ಲೆಕ್ಕದಲ್ಲಿ ಮಾತ್ರ ಉಳಿದಿದೆ. ಬರಿಯ ಜ್ವರ, ಭೇದಿಗಳಿಗೆ ಯೋಜನೆ ಒದಗುತ್ತಿರಲಿಲ್ಲ. ಆದರೆ ಮುಂದೆ ಹಾವು ಕಡಿತ, ನಾಯಿ ಕಡಿತ, ಗೂಳಿಯ ಇರಿತ, ನೀರಿನಲ್ಲಿ ಮುಳುಗುವುದು, ಬೇಸಾಯದ ಸಲಕರಣೆಯಿಂದಾಗುವ ಗಾಯಗಳು ಪಟ್ಟಿಗೆ ಸೇರಿದವು. ಹಳ್ಳಿಯ ಬದುಕನ್ನು ಬಲ್ಲವರು ಆ ಪಟ್ಟಿಯನ್ನು ತಿದ್ದಿದ್ದಾರೆನ್ನುವುದು ಇದರಿಂದಲೇ ತಿಳಿಯುತ್ತದೆ.

ಇದೇ ಜಿಲ್ಲೆಯ ತಿರುಮಕೂಡಲು ನರಸೀಪುರ ತಾಲ್ಲೂಕಿನಲ್ಲಿ ಕರುಣಾ ಟ್ರಸ್ಟ್ ಅದೇ ಕಾಲಕ್ಕೆ ನಡೆಸಿದ ಸಮುದಾಯ ವಿಮೆಯ ಪ್ರಯೋಗವೂ ಇಲ್ಲಿ ಉಲ್ಲೇಖಾರ್ಹ. ಸರ್ಕಾರಿ ಆಸ್ಪತ್ರೆಗೆ ದಾಖಲಾದ ಬಡವನಿಗೆ ದಿನಕ್ಕೆ 50 ರೂಪಾಯಿಯಂತೆ ಕೂಲಿಯ ನಷ್ಟವನ್ನು ತುಂಬಿಕೊಡುವ ಏರ್ಪಾಡು ಅದರಲ್ಲಿತ್ತು. ಸರ್ಕಾರಿ ಆಸ್ಪತ್ರೆಯಲ್ಲಿ ಚಿಕಿತ್ಸೆ ಪುಕ್ಕಟೆಯಾದರೂ ಮಲಗಿದ ದಿನಗಳ ಕೂಲಿ ಪುಕ್ಕಟೆಯಲ್ಲ. ‘ವಿಮೆ ಇದೆಯೇ’ ಎಂದು ಕೇಳುವ ಪ್ರಶ್ನಾವಳಿಗೆ ಈ ನಷ್ಟ ಎಟಕುವುದಿಲ್ಲ.

ಆಮೇಲೆ ಯೋಜನೆಗಳು ಒಂದರ ಮೇಲೊಂದು ಬಂದವು. ಕೇಂದ್ರದ ರಾಷ್ಟ್ರೀಯ ಸ್ವಾಸ್ಥ್ಯ ಬಿಮಾ ಯೋಜನೆ (2008) 30 ರೂಪಾಯಿ ನೋಂದಣಿ ಶುಲ್ಕಕ್ಕೆ ಸ್ಮಾರ್ಟ್ ಕಾರ್ಡ್ ಕೊಟ್ಟು, ಐವರ ಕುಟುಂಬಕ್ಕೆ 30,000 ರೂಪಾಯಿವರೆಗಿನ ಚಿಕಿತ್ಸೆಯ ಭರವಸೆ ನೀಡಿತು. ಕರ್ನಾಟಕದಲ್ಲಿ ಅದರ ಆರಂಭವನ್ನು ಡಿ. ರಾಜಶೇಖರ್ ಮತ್ತು ಸಂಗಡಿಗರು ಪರಿಶೀಲಿಸಿ 2011ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಅರ್ಹ ಕುಟುಂಬಗಳಲ್ಲಿ ಶೇ. 85ಕ್ಕೆ ಯೋಜನೆಯ ಅರಿವಿತ್ತು, ಶೇ. 68 ನೋಂದಾಯಿಸಿದ್ದವು, ಚಿಕಿತ್ಸೆ ಪಡೆದವರು ಮಾತ್ರ ತೀರ ವಿರಳ. 2010ರಲ್ಲಿ ಉತ್ತರ ಕರ್ನಾಟಕದಲ್ಲಿ ಆರಂಭವಾಗಿ 2012ರಲ್ಲಿ ದಕ್ಷಿಣಕ್ಕೂ ವಿಸ್ತರಿಸಿದ ವಾಜಪೇಯಿ ಆರೋಗ್ಯಶ್ರೀಯ ಸ್ವರೂಪ ಬೇರೆ. ಅದಕ್ಕೆ ವಂತಿಗೆಯಿಲ್ಲ, ನೋಂದಣಿಯಿಲ್ಲ. ಬಡತನ ರೇಖೆಯ ಕೆಳಗಿನವರ ಪಡಿತರ ಚೀಟಿಯೇ ಪ್ರವೇಶಪತ್ರ. ಈ ಯೋಜನೆ ಜೀವ ಉಳಿಸಿದೆ ಎಂಬುದಕ್ಕೆ ಪುರಾವೆಯಿದೆ. ಯೋಜನೆಯಿದ್ದ ಮತ್ತು ಇಲ್ಲದ ಗಡಿಹಳ್ಳಿಗಳನ್ನು ಹೋಲಿಸಿದ 2014ರ ಒಂದು ಅಧ್ಯಯನ, ಯೋಜನೆಗೆ ಒಳಪಟ್ಟ ಕಾಯಿಲೆಗಳಿಂದಾದ ಸಾವು ಬಡ ಕುಟುಂಬಗಳಲ್ಲಿ ಗಣನೀಯವಾಗಿ ಕಡಿಮೆಯಿದ್ದುದನ್ನು ತೋರಿಸಿತು. 2018ರಲ್ಲಿ ಇವೆಲ್ಲವೂ, ಯಶಸ್ವಿನಿಯೂ ಸೇರಿ, ಆರೋಗ್ಯ ಕರ್ನಾಟಕದಲ್ಲಿ ಲೀನವಾದವು; ಅದೇ ವರ್ಷ ಅದು ಆಯುಷ್ಮಾನ್ ಭಾರತದೊಂದಿಗೆ ಕೂಡಿಕೊಂಡಿತು.

ಇನ್ನು ಸಮೀಕ್ಷೆಗಳ ವಿಚಾರ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಮೂರನೆಯ ಸುತ್ತಿನಲ್ಲಿ (2005-06) ದೇಶದ ಸುಮಾರು ಶೇ. 5 ಕುಟುಂಬಗಳಲ್ಲಿ, ನಾಲ್ಕನೆಯದರಲ್ಲಿ (2015-16) ಶೇ. 28.7ರಲ್ಲಿ, ಐದನೆಯದರಲ್ಲಿ (2019-21) ಶೇ. 41ರಲ್ಲಿ ಒಬ್ಬರಿಗಾದರೂ ವಿಮೆಯಿತ್ತು. ರಾಷ್ಟ್ರೀಯ ಮಾದರಿ ಸಮೀಕ್ಷೆಯ 71ನೆಯ ಸುತ್ತು (2014) ಮಾತ್ರ ಗ್ರಾಮೀಣರಲ್ಲಿ ಶೇ. 86 ಜನರಿಗೆ ಯಾವ ರಕ್ಷಣೆಯೂ ಇಲ್ಲವೆಂದಿತು; 75ನೆಯ ಸುತ್ತಿನಲ್ಲೂ (2017-18) ರಕ್ಷಣೆಯುಳ್ಳ ಗ್ರಾಮೀಣರು ಶೇ. 14 ಮಾತ್ರ. ಒಂದು ಸಮೀಕ್ಷೆ ಏರಿಕೆ ಕಂಡಲ್ಲಿ ಇನ್ನೊಂದು ನಿಂತ ನೀರನ್ನು ಕಂಡದ್ದಕ್ಕೆ ಅಳತೆಗೋಲಿನ ವ್ಯತ್ಯಾಸವೂ ಕಾರಣ. ಕುಟುಂಬ ಸಮೀಕ್ಷೆ ಮನೆಯಲ್ಲಿ ಒಬ್ಬರಿಗಿದ್ದರೂ ಇಡೀ ಮನೆಯನ್ನು ವಿಮೆಯುಳ್ಳದ್ದೆಂದು ಎಣಿಸುತ್ತದೆ. ಮಾದರಿ ಸಮೀಕ್ಷೆ ತಲೆ ಎಣಿಸುತ್ತದೆ. ಎರಡನ್ನೂ ಒಂದೇ ರೇಖಾಚಿತ್ರದಲ್ಲಿ ಇಳಿಸುವವರು ಇದನ್ನು ಮರೆಯುವುದುಂಟು.

ತಾಲ್ಲೂಕಿಗೆ ಬಂದರೆ ಆಕರ ಇನ್ನಷ್ಟು ತೆಳುವಾಗುತ್ತದೆ. ಕುಟುಂಬ ಸಮೀಕ್ಷೆಯ ಮೂರನೆಯ ಸುತ್ತಿನವರೆಗೆ ಜಿಲ್ಲಾಮಟ್ಟದ ಅಂಕಿಗಳೇ ಇರಲಿಲ್ಲ. ಐದನೆಯ ಸುತ್ತಿನಲ್ಲಿ 707 ಜಿಲ್ಲೆಗಳಿಂದ 6,36,699 ಕುಟುಂಬಗಳನ್ನು ಮಾತನಾಡಿಸಲಾಯಿತು, ಅಂದರೆ ಜಿಲ್ಲೆಗೆ ಸರಾಸರಿ 900. ಒಂದು ಊರಿನಿಂದ ಅಥವಾ ಬಡಾವಣೆಯಿಂದ 22 ಮನೆಗಳನ್ನು ಆರಿಸುವ ಕ್ರಮದಲ್ಲಿ ಇದು ಜಿಲ್ಲೆಯ ನಲವತ್ತು ಚಿಲ್ಲರೆ ನೆಲೆಗಳಿಗೆ ಸಮ. 2011ರ ಗಣತಿಯ ಪ್ರಕಾರ ಮೈಸೂರು ಜಿಲ್ಲೆಯ ಜನಸಂಖ್ಯೆ 30,01,127. ಮೈಸೂರು ನಗರದ ಪಾಲನ್ನು ಕಳೆದರೆ ಒಂದೊಂದು ತಾಲ್ಲೂಕಿಗೆ ಸಿಗುವುದು ಬೆರಳೆಣಿಕೆಯ ಹಳ್ಳಿಗಳು. ಅದರಲ್ಲಿ ಕಾಡಂಚಿನ ಹಾಡಿಯೊಂದು ಬಂದರೆ ಅದೃಷ್ಟ. ಜಮೀನಿಲ್ಲದ ಜೇನುಕುರುಬರಿಗೆ, ಯರವರಿಗೆ ಕೃಷಿ ಪತ್ತಿನ ಸಹಕಾರ ಸಂಘದ ಸದಸ್ಯತ್ವವೇ ದುರ್ಲಭವಾಗಿದ್ದುದರಿಂದ ಯಶಸ್ವಿನಿಯ ಪುಸ್ತಕಗಳಲ್ಲೂ ಅವರು ವಿರಳ. ಎರಡು ಆಕರಗಳಲ್ಲೂ ಕಾಣದವರ ಸ್ಥಿತಿಯನ್ನು ಜಿಲ್ಲೆಯ ಸರಾಸರಿಯಿಂದ ಊಹಿಸುವುದು ಅನ್ಯಾಯ.

ಭಾಷೆಯ ಪ್ರಶ್ನೆ ಇಲ್ಲಿ ಮುಖ್ಯವಾಗುತ್ತದೆ. ‘ವಿಮೆ’ ಪಾರಸಿ ಮೂಲದ ಪದ. ಹಳ್ಳಿಗಳಲ್ಲಿ ಅದು ಮೊದಲು ನೆನಪಿಸುವುದು ಎಲ್ಲೈಸಿಯನ್ನು. ಆಸ್ಪತ್ರೆಯ ನೆರವನ್ನು ಜನ ಗುರುತಿಸುವುದು ಕಾರ್ಡಿನಿಂದ. ಸೊಸೈಟಿಯಲ್ಲಿ ಹಣ ಕಟ್ಟಿ ಪಡೆದ ಯಶಸ್ವಿನಿ ಕಾರ್ಡು ಗಂಟಿನಲ್ಲಿಟ್ಟ ವಸ್ತು; ಕೊಟ್ಟದ್ದರ ನೆನಪು ಅದಕ್ಕೆ ಅಂಟಿಕೊಂಡಿರುತ್ತದೆ. ಅಕ್ಕಿ, ಸಕ್ಕರೆಗೆಂದು ಇರುವ ಪಡಿತರ ಚೀಟಿಯೇ ಹೃದಯದ ಶಸ್ತ್ರಚಿಕಿತ್ಸೆಗೂ ಆಧಾರವೆಂಬುದು ಹಾಗೆ ನೆನಪಿನಲ್ಲಿ ನಿಲ್ಲುವುದಿಲ್ಲ. ಗಣತಿದಾರರು ‘ಆರೋಗ್ಯ ವಿಮೆ ಅಥವಾ ಆರೋಗ್ಯ ಯೋಜನೆ ಇದೆಯೇ’ ಎಂದರೆ ಮೊದಲನೆಯವರು ಹೌದೆನ್ನುತ್ತಾರೆ. ಎರಡನೆಯವರು ಇಲ್ಲವೆನ್ನುವ ಸಂಭವವೇ ಹೆಚ್ಚು. ಐದನೆಯ ಸುತ್ತಿನ ಕ್ಷೇತ್ರಕಾರ್ಯ ಕರ್ನಾಟಕದಲ್ಲಿ ನಡೆದದ್ದು 2019ರಲ್ಲಿ, ಅಂದರೆ ಯಶಸ್ವಿನಿಯ ಕಾರ್ಡು ಬೆಲೆ ಕಳೆದುಕೊಂಡ ಮರುವರ್ಷ. ಕಾಗದದ ಮೇಲೆ ಆಗ ರಾಜ್ಯದ ಪ್ರತಿ ಬಡ ಕುಟುಂಬಕ್ಕೂ 5 ಲಕ್ಷ ರೂಪಾಯಿಯ ರಕ್ಷಣೆಯಿತ್ತು. ಸಮೀಕ್ಷೆ ಕಂಡ ಪ್ರಮಾಣ ಅದರ ಹತ್ತಿರಕ್ಕೂ ಬರಲಿಲ್ಲ. ಅದೇ ಸುತ್ತಿನಲ್ಲಿ ರಾಜಸ್ಥಾನ ಶೇ. 88, ಆಂಧ್ರಪ್ರದೇಶ ಶೇ. 80 ತಲುಪಿದ್ದವು. ಕರ್ನಾಟಕ ಹಿಂದುಳಿಯಿತೆಂದು ಇದರಿಂದ ತೀರ್ಮಾನಿಸುವ ಮೊದಲು, ಹಕ್ಕು ಮತ್ತು ಅರಿವುಗಳಲ್ಲಿ ಯಾವುದನ್ನು ಅಳೆಯಲಾಗಿದೆ ಎಂದು ಕೇಳಬೇಕು. ಅರಿವಿಲ್ಲದ ಹಕ್ಕು ರಾತ್ರೋರಾತ್ರಿ ಆಸ್ಪತ್ರೆಗೆ ಓಡುವಾಗ ಕೈಗೆ ಬರುವುದಿಲ್ಲವಾದ್ದರಿಂದ ಸಮೀಕ್ಷೆಯ ‘ಇಲ್ಲ’ವನ್ನು ತಪ್ಪು ಉತ್ತರವೆಂದು ತಳ್ಳಿಹಾಕುವುದೂ ಸರಿಯಲ್ಲ.

ಪಿರಿಯಾಪಟ್ಟಣ ತಾಲ್ಲೂಕಿನ ಬೈಲುಕುಪ್ಪೆ, ಹುಣಸೂರು ತಾಲ್ಲೂಕಿನ ಗುರುಪುರಗಳ ಟಿಬೆಟನ್ನರಿಗೆ 2012ರಿಂದ ಅವರದೇ ಆಡಳಿತದ ಪ್ರತ್ಯೇಕ ವೈದ್ಯಕೀಯ ವಿಮೆಯಿದೆಯೆಂಬುದನ್ನೂ ಇಲ್ಲಿ ನೆನೆಯಬಹುದು. ಒಂದೇ ತಾಲ್ಲೂಕಿನಲ್ಲಿ ಬೇರೆ ಬೇರೆ ಬಗೆಯ ಕಾರ್ಡುಗಳಿದ್ದವು.

ಋತುಮಾನದ ಸಂಗತಿಯನ್ನು ಬಲ್ಲವರು ಕಡಿಮೆ. 71ನೆಯ ಸುತ್ತು ನಡೆದದ್ದು 2014ರ ಜನವರಿಯಿಂದ ಜೂನ್‌ವರೆಗೆ. 75ನೆಯದು ಪೂರ್ಣ ಒಂದು ವರ್ಷ. ಮೊದಲನೆಯದರಲ್ಲಿ ಗ್ರಾಮೀಣ ಕುಟುಂಬಗಳು ಆಸ್ಪತ್ರೆ ಖರ್ಚಿನ ಶೇ. 25ನ್ನು ಸಾಲದಿಂದ ಭರಿಸಿದ್ದವು. ಎರಡನೆಯದರಲ್ಲಿ ಇದು ಸುಮಾರು ಶೇ. 13. ಸಾಲ ಅರ್ಧಕ್ಕಿಳಿಯಿತೆಂಬ ಈ ಅಂಕಿಯನ್ನು ಹೊಗೆಸೊಪ್ಪಿನ ಸೀಮೆಗೆ ಅನ್ವಯಿಸುವಾಗ ಎಚ್ಚರ ಬೇಕು. ಈ ನಾಲ್ಕು ತಾಲ್ಲೂಕುಗಳಲ್ಲಿ ಬೇಸಿಗೆಯಲ್ಲಿ ಸಸಿಮಡಿ, ಮುಂಗಾರಿನ ಮೊದಲಲ್ಲಿ ನಾಟಿ, ಮಳೆಗಾಲದಲ್ಲಿ ಬ್ಯಾರನ್ನಿನ ಬೇಯಿಸುವಿಕೆ, ಅನಂತರ ಹರಾಜು. ಕೈಯಲ್ಲಿ ಕಾಸಿರುವುದು ಹರಾಜಿನ ತಿಂಗಳುಗಳಲ್ಲಿ. ಏಪ್ರಿಲ್‌ನಿಂದ ಜೂನ್‌ವರೆಗೆ ಕೈ ಖಾಲಿ. ಆ ತಿಂಗಳುಗಳಲ್ಲಿ ಕೇಳಿದರೆ ಸಾಲ ಹೆಚ್ಚಾಗಿಯೇ ಕಾಣುತ್ತದೆ. ಜೂನ್‌ಗೆ ಆರಂಭವಾಗುತ್ತಿದ್ದ ಹಳೆಯ ಯಶಸ್ವಿನಿಯ ವಂತಿಗೆಯ ಗಡುವೂ ಇದೇ ಬಿಗಿಯ ಕಾಲಕ್ಕೆ ಬೀಳುತ್ತಿತ್ತು. 2022ರ ಕೊನೆಯಲ್ಲಿ ಯೋಜನೆ ಮರುಜೀವ ಪಡೆದು, ಗ್ರಾಮೀಣ ಭಾಗದ ನಾಲ್ವರ ಕುಟುಂಬಕ್ಕೆ 500 ರೂಪಾಯಿ ನಿಗದಿಯಾಗಿ, ನವೆಂಬರ್‌ನಲ್ಲಿ ನೋಂದಣಿ ತೆರೆದದ್ದು ಉದ್ದೇಶಿತವೋ ಅಲ್ಲವೋ, ಹೊಗೆಸೊಪ್ಪಿನ ರೈತನಿಗೆ ಅನುಕೂಲವಾಯಿತು.

ಮುಯ್ಯಿ, ಚೀಟಿ, ನೆಂಟರ ಕೈಸಾಲಗಳನ್ನು ಮಾದರಿ ಸಮೀಕ್ಷೆ ‘ಬಂಧುಮಿತ್ರರ ನೆರವು’, ‘ಸಾಲ’ ಎಂಬ ಎರಡು ಖಾನೆಗಳಿಗೆ ಹಂಚುತ್ತದೆ. ಮದುವೆ, ತಿಥಿಗಳಲ್ಲಿ ಬರೆದಿಟ್ಟು ತೀರಿಸುವ ಮುಯ್ಯಿ ನೆರವೂ ಹೌದು, ಸಾಲವೂ ಹೌದು. ಮನೆದೇವರಿಗೆ ಕಟ್ಟಿದ ಮುಡಿಪಿಗಂತೂ ಅಲ್ಲಿ ಖಾನೆಯೇ ಇಲ್ಲ.

ಇಷ್ಟಾದರೂ ಒಂದು ಅಂಕಿ ಗಮನವನ್ನು ಬೇಡುತ್ತದೆ. 15ರಿಂದ 49 ವಯಸ್ಸಿನವರಲ್ಲಿ ವಿಮೆಯುಳ್ಳ ಮಹಿಳೆಯರು ನಾಲ್ಕನೆಯ ಸುತ್ತಿನಲ್ಲಿ ಶೇ. 20, ಪುರುಷರು ಶೇ. 23, ಐದನೆಯದರಲ್ಲಿ ಕ್ರಮವಾಗಿ ಶೇ. 30 ಮತ್ತು 33. ಪ್ರಮಾಣ ಏರಿದರೂ ನಡುವಣ ಅಂತರ ಕದಲಲಿಲ್ಲ. ಇದು ಅರಿವಿನ ಅಂತರವೋ, ಹಣ ಕಟ್ಟುವಾಗ ಮನೆಯೊಳಗೆ ನಡೆದ ಆಯ್ಕೆಯೋ ಎಂಬುದು ಕೋಷ್ಟಕದಿಂದ ತಿಳಿಯದು. ಹಳೆಯ ಯಶಸ್ವಿನಿಯಲ್ಲಿ ವಂತಿಗೆ ತಲೆಯ ಲೆಕ್ಕದ್ದಾದ್ದರಿಂದ ಯಾರನ್ನು ಸೇರಿಸಬೇಕು, ಯಾರನ್ನು ಬಿಡಬೇಕು ಎಂದು ಪ್ರತಿ ಮನೆಯೂ ವರ್ಷವರ್ಷವೂ ತೀರ್ಮಾನಿಸಬೇಕಿತ್ತು. ಆ ತೀರ್ಮಾನದ ಗುರುತು ಉಳಿದಿದ್ದರೆ ಅದು ಗ್ರಾಮೀಣ ಸಹಕಾರ ಸಂಘಗಳ ಹಳೆಯ ನೋಂದಣಿ ಪುಸ್ತಕಗಳಲ್ಲಿ. ಅವು ರದ್ದಿಗೆ ಹೋಗುವ ಮುನ್ನ 2004-05 ಮತ್ತು 2005-06ರ ಪಟ್ಟಿಗಳನ್ನು ಅಕ್ಕಪಕ್ಕ ಇಟ್ಟು, ವಂತಿಗೆ 120 ರೂಪಾಯಿಯಾದ ವರ್ಷ ಯಾವ ಮನೆಯಿಂದ ಯಾರ ಹೆಸರು ಬಿಟ್ಟುಹೋಯಿತು, ಅತ್ತೆಯದೋ ಸೊಸೆಯದೋ ಮಗಳದೋ ಎಂದು ನೋಡುವ ಕೆಲಸ ಈ ನಾಲ್ಕು ತಾಲ್ಲೂಕುಗಳಲ್ಲಿ ಆಗಬೇಕಾಗಿದೆ.